ದರ್ಜಿಯ ಹೆಂಡತಿಯ ಅಕ್ಷರಗಳು

ರಿಪೇರಿ ಅಕ್ಕನ ಕೈ ಬಿದ್ದರೆ ಸತ್ತ ಮಿಷಿನ್ನೂ ಕಣ್ಣು ಬಿಡುತ್ತದೆ ಎಂಬ ಮಾತು ಆ ಬೀದಿಯಲ್ಲಿತ್ತು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಧೂಳು ಒರೆಸುವ ಕೆಲಸಕ್ಕೆ ಸೇರಿ, ನೋಡಿ ನೋಡಿಯೇ ವಿದ್ಯೆ ಕಲಿತವಳು ಅವಳು. ಹನ್ನೊಂದು ವರ್ಷದಿಂದ ಮೆಟ್ಟಿಲ ಕೆಳಗಿನ ಕೋಣೆಯೇ ಅಂಗಡಿ. ಅಲ್ಲಿಗೆ ಬಂದ ಹಳೆಯ ಕಂಪ್ಯೂಟರುಗಳಿಗೆಲ್ಲ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಡುತ್ತಿದ್ದಳು.

ಎದುರು ಸಾಲಿನ ದರ್ಜಿಯ ಮನೆಯಲ್ಲಿದ್ದದ್ದೂ ಅಂಥದೇ ಒಂದು. ಅದು ಅವನ ಹೆಂಡತಿಯದು. ಲಾವೋಸ್ ದೇಶದಿಂದ ಬಂದ, ಲಾವೋ ಮನೆಮಾತಿನ ಆಕೆ, ಕಸೂತಿ ಕೆಲಸ ಮುಗಿಸಿ ದಿನಾ ಸಂಜೆ ತನ್ನ ಭಾಷೆಯಲ್ಲಿ ಏನೋ ಬರೆಯುತ್ತಿದ್ದಳು. ದರ್ಜಿಗೆ ಅದು ಓದಲು ಬಾರದು. ಆಕೆ ತೀರಿಕೊಂಡು ವರ್ಷವಾಗಿತ್ತು. ಭಾನುವಾರ ಆಕೆಯ ತಂಗಿ ಬರುವವಳಿದ್ದಳು, ಎಲ್ಲವನ್ನೂ ಓದಿ ಹೇಳುವುದಕ್ಕೆ. ಮಿಷಿನ್ನು ಆಮೆಯಂತೆ ತೆವಳುತ್ತಿದೆ ಎಂದು ದರ್ಜಿ ತಂದುಕೊಟ್ಟ. ಅಕ್ಕ ಫೈಲುಗಳನ್ನು ಬೇರೆಡೆ ತೆಗೆದಿಟ್ಟು, ಡಿಸ್ಕ್ ಪೂರ್ತಿ ಅಳಿಸಿ, ಹೊಸ ಲಿನಕ್ಸ್ ಹಾಕಿ, ಫೈಲುಗಳನ್ನು ಮರಳಿಸಿದಳು.

ತೆರೆದರೆ ನಾನೂರು ಪುಟದ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು.

"ನನ್ನವಳ ಅಕ್ಷರ ಗುಂಡಗಿರ್ತಿತ್ತಮ್ಮ," ಎಂದ ದರ್ಜಿ. "ಇದೇನು, ಕೋಳಿ ಕೆದಕಿದ ಹಾಗೆ?"

"ಇರಿ ಮಾವ, ಆ ಲಿಪಿ ತೋರಿಸೋ ಫಾಂಟ್ ಇಲ್ಲ ಅಷ್ಟೆ. ಹಾಕ್ತೀನಿ."

ಸಿಕ್ಕ ಲಾವೋ ಫಾಂಟುಗಳನ್ನೆಲ್ಲ ಹಾಕಿದಳು. ಭಾಷೆಯ ಸೆಟ್ಟಿಂಗ್ ಬದಲಿಸಿ ಮತ್ತೆ ಆನ್ ಮಾಡಿದಳು. ಪರದೆಯ ಮೇಲೆ ಗುಂಡು ಗುಂಡು ಅಕ್ಷರಗಳು ಅರಳಿದವು.

"ಬಂತು! ಬಂತಲ್ಲೇ ತಾಯಿ!" ದರ್ಜಿ ಸ್ಟೂಲಿನಿಂದ ಎದ್ದೇಬಿಟ್ಟ.

"ಇದು ಮೆನು, ಮಾವ. ತೆರೆ, ಮುಚ್ಚು ಅಂತೆಲ್ಲ ಇರುತ್ತಲ್ಲ, ಅದು."

ಆಕೆಯ ಬರಹ ಮಾತ್ರ ಹಾಗೇ ಇತ್ತು.

"ಅವಳು ಬೇರೆಯವರ ಅಕ್ಷರ ಮುಟ್ತಿರ್ಲಿಲ್ಲ," ಎಂದ ದರ್ಜಿ, ಮತ್ತೆ ಕೂರುತ್ತ. "ಒಂದೊಂದನ್ನೂ ತಾನೇ ಈ ಕಂಪ್ಯೂಟರಲ್ಲಿ ಬರೆದಿಟ್ಕೊಂಡಿದ್ಳು. ಕಸೂತಿಗೆ ನಕ್ಷೆ ಬರೀತಾರಲ್ಲ, ಹಾಗೆ."

ಅಕ್ಕನ ಕೈ ಮೌಸಿನ ಮೇಲೇ ನಿಂತಿತು. ಹಾಗಾದರೆ ಫೈಲಿನಲ್ಲಿ ಉಳಿದಿರುವುದು ಆಕೆ ಒತ್ತಿದ ಇಂಗ್ಲಿಷ್ ಕೀಲಿಗಳಷ್ಟೇ, ಅವನ್ನು ಲಾವೋ ಮಾಡಿ ತೋರಿಸುತ್ತಿದ್ದದ್ದು ಆಕೆಯದೇ ಫಾಂಟು. ಆ ಫಾಂಟು ಇದ್ದದ್ದು ಮರೆಯಾಗಿರುವ ಫೋಲ್ಡರಿನಲ್ಲಿ. ಅಂಥವು ಸುಮ್ಮನೆ ನೋಡಿದರೆ ಕಾಣುವುದಿಲ್ಲ, ತೋರಿಸು ಎಂದು ಕೇಳಿ ನಕಲು ಮಾಡಿಕೊಳ್ಳಬೇಕು. ಸಾವಿರ ಸಲ ಮಾಡಿದ ಕೆಲಸ. ಆ ದಿನ ಕಣ್ಣಿಗೆ ಕಂಡಷ್ಟನ್ನೇ ಎತ್ತಿಟ್ಟಿದ್ದಳು. ಯಾವ ಕೀಲಿಗೆ ಯಾವ ಅಕ್ಷರವೆಂದು ತಿಳಿದಿದ್ದ ಒಂದೇ ಜೀವ ಈಗಿಲ್ಲ. ಅಚ್ಚು ತೆಗೆದ ಒಂದು ಹಾಳೆಯೂ ಇಲ್ಲ. ಶನಿವಾರವಿಡೀ ಡಿಸ್ಕನ್ನು ಜಾಲಾಡಿದಳು. ಹಳೆಯದರ ಮೇಲೆ ಹೊಸದು ಕೂತಾಗಿತ್ತು.

ಭಾನುವಾರ ತಂಗಿ ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದುಕೊಂಡಳು.

"ಹಳೇ ಮಿಷಿನ್ನು, ತಾನೇ ಕೆಟ್ಟಿರ್ಬೇಕು," ಎಂದು ದರ್ಜಿಯೇ ಮಾತು ತೇಲಿಸಿದ. ರಿಪೇರಿ ಅಕ್ಕ ಆ ಮಾತಿನ ಮರೆಯಲ್ಲಿ ಸುಮ್ಮನಿದ್ದುಬಿಡಬಹುದಿತ್ತು.

"ಇಲ್ಲ ಮಾವ, ಕೆಟ್ಟಿರ್ಲಿಲ್ಲ," ಎಂದಳು ಅಕ್ಕ. "ಅಕ್ಷರ ಅಳಿಸಿದ್ದು ನಾನೇ."

ಯಾರೂ ಬೈಯಲಿಲ್ಲ. ತಂಗಿ ಒಂದೊಂದೇ ಪುಟ ಸರಿಸುತ್ತ ಹೋದಳು, ಓದುವವಳ ಹಾಗೆಯೇ. ಎಲ್ಲಿ ಪ್ಯಾರಾ ಮುಗಿಯುತ್ತದೆ ಎಂಬುದಷ್ಟೇ ತಿಳಿಯುತ್ತಿತ್ತು.

"ನನ್ನ ವಿಷಯ ಏನಾದ್ರೂ ಬರೆದಿದ್ದಾಳೇನಮ್ಮ?" ದರ್ಜಿ ಕೇಳಿದ.

"ಗೊತ್ತಾಗಲ್ಲ ಭಾವ," ಎಂದು ಅವಳು ಮುಂದಿನ ಪುಟಕ್ಕೆ ಹೋದಳು.