ಹುಲ್ಲಿನ ಕಣದ ಮೇಟಿ

ನನ್ನ ಬಿ.ಎ. ಪದವಿ ಹುಲ್ಲಿನಿಂದ ಬಂದದ್ದು. ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ನಮ್ಮವರಲ್ಲಿ ನನಗಿಂತ ಮೊದಲು ಯಾರ ಹೆಸರಿನ ಪಕ್ಕದಲ್ಲೂ ಆ ಎರಡು ಅಕ್ಷರ ಇರಲಿಲ್ಲ.

ನಾವು ಕಂಬಂ ಕಣಿವೆಯ ಹನುಮಂತನಪಟ್ಟಿಯವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಗದ್ದೆಯನ್ನು ಚಿಕ್ಕಪ್ಪನಿಗೆ ಬಿಟ್ಟು ಅಪ್ಪ ಬೆಟ್ಟ ಹತ್ತಿದ್ದ. ಅಲ್ಲಿ ಬಿಳಿ ದೊರೆಗಳು ಕೋಲಿನಿಂದ ಚೆಂಡು ಹೊಡೆದು ಆಡುವ ಮೈದಾನವಿತ್ತು. ಅದರ ಹುಲ್ಲು ನೋಡಿಕೊಳ್ಳುವುದು ಅಪ್ಪನ ಕೆಲಸ. ಮೈದಾನದಲ್ಲಿ ಅಲ್ಲಲ್ಲಿ ನುಣ್ಣಗೆ ಕತ್ತರಿಸಿದ ದುಂಡನೆಯ ಹುಲ್ಲುಹಾಸು, ಹಾಸಿನಲ್ಲಿ ತಗಡಿನ ಡಬ್ಬಿ ಹೂತ ಒಂದು ಕುಳಿ, ಕುಳಿಯಲ್ಲಿ ಬಾವುಟದ ಕೋಲು. ಚೆಂಡು ಉರುಳಿ ಆ ಕುಳಿಗೆ ಬೀಳಬೇಕು, ಅಷ್ಟೇ ಆಟ. ದೊರೆಗಳು ಆ ಹಾಸನ್ನು ಗ್ರೀನ್ ಎನ್ನುತ್ತಿದ್ದರು. ಅಪ್ಪ ಕಣ ಎನ್ನುತ್ತಿದ್ದ. ಬಾವುಟದ ಕೋಲು ಅವನಿಗೆ ಮೇಟಿ, ಒಕ್ಕಣೆಯಲ್ಲಿ ಎತ್ತು ಸುತ್ತುವ ನಡುಗಂಬ.

ಹತ್ತೊಂಬತ್ತನೆಯ ಶತಮಾನ ಮುಗಿಯಲು ನಾಲ್ಕೈದು ವರ್ಷವಿತ್ತು. ನಾನು ಮಧುರೆಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಮಾರ್ಗಳಿ ತಿಂಗಳ ರಜೆಗೆ ದಿಂಡುಗಲ್ಲಿನ ಕಡೆಗೆ ರೈಲು, ಆಮೇಲೆ ಎತ್ತಿನ ಬಂಡಿ, ಆಮೇಲೆ ಕಾಲು. ಹೀಗೆ ಬೆಟ್ಟ ಹತ್ತಿ ಅಪ್ಪನ ಗುಡಿಸಲು ಸೇರಿದೆ. ಚಳಿಗಾಲದಲ್ಲಿ ಅಲ್ಲಿಗೆ ಹೋದದ್ದು ಅದೇ ಮೊದಲು.

ಅಪ್ಪ ಸೊಂಟದ ಮಡಿಯಿಂದ ಒಂದು ಕಾಗದ ತೆಗೆದ. ಬೆವರಿಗೆ ಮೆತ್ತಗಾಗಿತ್ತು.

"ದೊರೆ ಕೊಟ್ಟು ಎಂಟು ದಿನ ಆತು. ಇಂಗ್ಲೀಸು. ನೀ ಬರ್ತೀಯಲ್ಲ ಅಂತ ಮಡಗಿದ್ದೆ."

ಓದಿದೆ. ಮೊದಲ ಗ್ರೀನಿನಲ್ಲಿ ಕುಳಿಯ ಸುತ್ತ ಹುಲ್ಲು ಸತ್ತು ಬಂಡಿದಾರಿಯಂತಾಗಿದೆ, ಹೊಸ ವರ್ಷದ ಪಂದ್ಯಕ್ಕೆ ಅದು ಸರಿಯಾಗದಿದ್ದರೆ ಬೇರೆ ಆಳನ್ನು ನೋಡಿಕೊಳ್ಳುತ್ತೇವೆ ಎಂದಿತ್ತು. ಪಂದ್ಯಕ್ಕೆ ಉಳಿದದ್ದು ಆರು ದಿನ. ಅಪ್ಪನ ಕೆಲಸ ಹೋದರೆ ನನ್ನ ಪರೀಕ್ಷೆಯೂ ಹೋದಂತೆಯೇ.

ಹೋಗಿ ನೋಡಿದೆ. ಮಳೆಗಾಲ ಮುಗಿದು ಕುಳಿ ತೋಡಿದಂದಿನಿಂದ ಅಪ್ಪ ಕುಳಿಯನ್ನು ಒಂದು ಗೇಣೂ ಕದಲಿಸಿರಲಿಲ್ಲ. ದಿನವೂ ಬೂಟುಗಳೆಲ್ಲ ಒಂದೇ ಕಡೆ ತುಳಿದಿದ್ದವು. ಚಳಿಯಲ್ಲಿ ಹುಲ್ಲು ಮತ್ತೆ ಚಿಗುರುವುದಿಲ್ಲ.

"ಕುಳಿಯನ್ನ ಆ ಕಡೆ ಮಾಡಿದ್ರೆ ಆತಲ್ಲಪ್ಪ," ಎಂದೆ.

"ಮೇಟಿ ಕೀಳೋದಾ?" ಅಪ್ಪ ನನ್ನನ್ನು ದಿಟ್ಟಿಸಿದ. "ರಾಶಿ ಅಳೀದೆ ಮೇಟಿ ಕಿತ್ತೋನ ಮನೇಲಿ ಕಾಳು ನಿಂತೈತಾ? ನಿಮ್ಮ ತಾತ ಕಿತ್ತಿದ್ನಾ?"

"ಇದು ಕಣ ಅಲ್ಲ. ದೊರೆಗಳ ಆಟ."

"ಅವ್ರಿಗೆ ಆಟ. ನಂಗೆ ಸೋರು ಇದ್ರಾಗಲ್ವಾ, ತಿನ್ನೋ ಅನ್ನ."

ಎರಡು ದಿನ ಇದೇ ಮಾತು. ನಾನು ಕಾಗದ ತೋರಿಸುತ್ತಿದ್ದೆ, ಅವನು ಮುಖ ತಿರುಗಿಸುತ್ತಿದ್ದ. ಅವನ ಕಟ್ಟಳೆ ಅದೊಂದೇ ಅಲ್ಲ. ಕಣಕ್ಕೆ ಚಪ್ಪಲಿ ಕಾಲು ಇಡಬಾರದು. ದೊರೆಗಳಿಗೆ ಹೇಳಲಾರ, ನನಗೆ ಹೇಳುತ್ತಿದ್ದ. ಬೆಳಗ್ಗೆ ಹುಲ್ಲು ಬೆಳ್ಳಗಿರುವಾಗ ಬಿಸಿಲು ಬೀಳುವ ತನಕ ಯಾರೂ ಅದರ ಮೇಲೆ ಕಾಲಿಡಬಾರದು. ಆ ಬಿಳುಪು ಇಬ್ಬನಿಯಲ್ಲ, ಹೆಪ್ಪುಗಟ್ಟಿದ ಮಂಜು. ಅವನು ಉರೆಪನಿ ಎನ್ನುತ್ತಿದ್ದ. ಮೇಟಿಯ ಕಥೆ ಕೇಳಿ ರೋಸಿದ್ದ ನಾನು ಇದನ್ನೂ ಅದೇ ಗಂಟಿಗೆ ಸೇರಿಸಿದೆ.

ಮೂರನೆಯ ಬೆಳಗ್ಗೆ ಅಪ್ಪ ನೀರಿಗೆ ಹೋದ ಹೊತ್ತು ನೋಡಿ ಗುದ್ದಲಿ ಹಿಡಿದು ಹೋದೆ. ನೆಲ ಉಪ್ಪು ಚೆಲ್ಲಿದ ಹಾಗಿತ್ತು. ಬರಿಗಾಲು ಮರಗಟ್ಟೀತೆಂದು ಮಧುರೆಯಲ್ಲಿ ಕೊಂಡ ಬೂಟು ಹಾಕಿಕೊಂಡಿದ್ದೆ. ಹುಲ್ಲು ಕಾಲಡಿ ಹಪ್ಪಳದಂತೆ ಮುರಿಯಿತು. ಡಬ್ಬಿ ಕಿತ್ತು ಏಳೆಂಟು ಮಾರು ಆಚೆ ಹೂತೆ, ಹಳೆ ಕುಳಿಗೆ ಹೊಸದರಿಂದ ತೆಗೆದ ಮಣ್ಣುಹುಲ್ಲನ್ನು ಮೆಟ್ಟಿದೆ. ಅಚ್ಚುಕಟ್ಟಾಗಿ ಆಯಿತು ಅಂದುಕೊಂಡೆ.

ಮಧ್ಯಾಹ್ನಕ್ಕೆ ನನ್ನ ಹೆಜ್ಜೆಗಳು ಮೂಡತೊಡಗಿದವು. ಮೊದಲು ಕಂದು, ಮರುದಿನ ಕರಿ. ಹಳೆ ಕುಳಿಯಿಂದ ಹೊಸ ಕುಳಿಗೆ ಸುಟ್ಟು ಒತ್ತಿದ ಹಾಗೆ ಹದಿನೆಂಟು ಬೂಟಿನ ಗುರುತು, ಹಿಮ್ಮಡಿಯ ಮೊಳೆ ಸಮೇತ. ಪಂದ್ಯಕ್ಕೆ ಎರಡು ದಿನ.

ಅಪ್ಪ ಹಾಸಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಪನಿ ಮೇಲೆ ಕಾಲಿಕ್ಕಬ್ಯಾಡ ಅಂದಿದ್ನೋ ಇಲ್ವೋ?"

"ಅಂದಿದ್ದೆ."

"ಅದು ಸಾಸ್ತ್ರ ಅಲ್ಲ ಕಣಲೇ. ಹುಲ್ಲು ಸಾಯ್ತದೆ. ಸಾಸ್ತ್ರ ಯಾವ್ದು, ವೇಲೆ ಯಾವ್ದು ಅಂತ ನಿನ್ ಪಡಿಪ್ಪು ಹೇಳಿಕೊಡ್ಲಿಲ್ವಾ?"

ಕೆಲಸಕ್ಕೂ ಓದಿಗೂ ಅಪ್ಪನ ಬಾಯಲ್ಲಿ ಬೀದಿಯ ತಮಿಳು ಮಾತೇ.

ಅಪ್ಪ ಎದ್ದು ಗುಡಿಸಲಿಗೆ ಹೋಗಿ ಒಂದು ಹಿಡಿ ಭತ್ತ ತಂದ. ಮಣ್ಣು ಮೆಟ್ಟಿದ ಹಳೆ ಕುಳಿಯ ಮೇಲೆ ಪುಟ್ಟ ರಾಶಿ ಮಾಡಿ, ಬೊಗಸೆಯಿಂದ ಬೊಗಸೆಗೆ ಅಳೆದು, ಮತ್ತೆ ಮಡಿಗೆ ಕಟ್ಟಿಕೊಂಡ. "ರಾಶಿ ಅಳೆದಾತು, ಈ ಕಣ ಎದ್ದಾತು," ಎಂದ. ಹೊಸ ಕುಳಿಯ ಹತ್ತಿರ ಹೋಗಿ ಕೋಲಿಗೆ ಕೈ ಮುಗಿದ. ಆಮೇಲೆ ನನ್ನ ಕಡೆ ನೋಡದೆ, "ಬೂಟು ಬಿಚ್ಚು. ಚೂರಿ ತಾ," ಎಂದ.

ಎರಡು ದಿನ ಅಂಟಿಕೊಂಡು ದುಡಿದೆವು. ಮೈದಾನದ ಅಂಚಿನಿಂದ ಬೇರು ಸಮೇತ ಹುಲ್ಲು ಕೊಯ್ದು, ಒಂದೊಂದೇ ಕರಿ ಹೆಜ್ಜೆ ಕೆತ್ತಿ ತೆಗೆದು, ಆ ಜಾಗಕ್ಕೆ ಕೂಡಿಸಿ, ಅಂಗೈಯಲ್ಲಿ ಒತ್ತಿ, ಸಂದಿಗೆ ಜರಡಿ ಮಣ್ಣು ಉದುರಿಸಿದೆವು. ಸಂಜೆ ಒಣ ಹುಲ್ಲು ಮುಚ್ಚುವುದು, ಬಿಸಿಲು ಬಿದ್ದ ಮೇಲೆ ತೆಗೆಯುವುದು. ನನ್ನ ಉಗುರುಗಳಲ್ಲಿ ರಕ್ತ ಬಂತು. ಅಪ್ಪ ಕಂಡೂ ಕಾಣದ ಹಾಗಿದ್ದ.

ಪಂದ್ಯದ ಬೆಳಗ್ಗೆ ಮತ್ತೆ ಉರೆಪನಿ. ನಾವು ಮುಚ್ಚಿದ್ದ ಪಟ್ಟಿಯ ಆಚೆಗೆಲ್ಲ ಬಿಳುಪು, ಸೂರ್ಯ ಇನ್ನೂ ಗುಡ್ಡದ ಹಿಂದೆ. ಕಾಗದ ಬರೆದ ದೊರೆ ಎಲ್ಲರಿಗಿಂತ ಮೊದಲು ಬಂದು ನೇರ ಗ್ರೀನಿನ ಕಡೆ ನಡೆದ. ಅಪ್ಪ ಓಡಿ ಕೈ ಚಾಚಿ ಅಡ್ಡ ನಿಂತ. ನಾನು ಇಂಗ್ಲಿಷಿನಲ್ಲಿ ಹೇಳಿದೆ: ದಯವಿಟ್ಟು ಬಿಸಿಲು ಬರುವವರೆಗೆ ನಿಲ್ಲಿ, ಸ್ವಾಮಿ, ಈಗ ತುಳಿದರೆ ಹುಲ್ಲು ಸಾಯುತ್ತದೆ.

ದೊರೆಯ ಕಾಲು ಅಂಚಿನಲ್ಲೇ ನಿಂತಿತು. "ನಿನಗೆ ಹೇಗೆ ಗೊತ್ತು?"

"ನಾನೇ ತುಳಿದು ಕೊಂದಿದ್ದೇನೆ. ಆ ಹದಿನೆಂಟು ತೇಪೆ ನನ್ನ ಹೆಜ್ಜೆ."

ಅವನು ತೇಪೆಗಳನ್ನು ನೋಡಿದ, ನನ್ನ ಬರಿಗಾಲು ನೋಡಿದ. ಬಿಸಿಲು ಬರಲು ಅರ್ಧ ತಾಸಾದರೂ ಆಯಿತು. ಮಂಜು ಕರಗಿದ ಮೇಲೆ ಅಪ್ಪ ಬಿದಿರ ಗಳುವಿನಿಂದ ಹುಲ್ಲಿನ ಮೇಲಿನ ನೀರನ್ನು ಸವರಿ ತೆಗೆದ. ದೊರೆ ಒಂದು ಚೆಂಡು ಇಟ್ಟು ಮೆಲ್ಲಗೆ ತಳ್ಳಿದ. ಚೆಂಡು ನನ್ನ ಮೂರು ಹೆಜ್ಜೆ ದಾಟಿತು, ನಾಲ್ಕನೆಯದರ ಸಂದಿಯಲ್ಲಿ ಚೂರು ಕುಲುಕಿತು, ಡಬ್ಬಿಯೊಳಗೆ ಬಿತ್ತು.

"ಕುಳಿಯನ್ನು ಇನ್ನು ವಾರಕ್ಕೊಮ್ಮೆ ಬದಲಿಸಲು ನಿನ್ನ ಅಪ್ಪನಿಗೆ ಹೇಳು," ಎಂದು ದೊರೆ ಹೊರಟುಹೋದ.

ಹೇಳಿದೆ. ಅಪ್ಪ ಅಲ್ಲೇ ಕೂತುಬಿಟ್ಟ.

"ವಾರಕ್ಕೊಂದು ಕಣನಾ? ವರ್ಸಕ್ಕೆ ಐವತ್ತು ರಾಶಿ ಕಣಲೇ. ನಿಮ್ಮ ಚಿಕ್ಕಪ್ಪ ಕೇಳಿದ್ರೆ ಹೊಟ್ಟೆ ಉರ್ಕೊಂಡು ಸಾಯ್ತಾನೆ."

ಆ ಕೆಲಸದಲ್ಲಿದ್ದಷ್ಟು ವರ್ಷವೂ ಅವನು ವಾರಕ್ಕೊಮ್ಮೆ ಮೇಟಿ ಕಿತ್ತ, ಪ್ರತಿ ಸಲವೂ ಮೊದಲು ರಾಶಿ ಅಳೆದ. ನಾನು ಪಾಸಾದ ತಂತಿ ತೆಗೆದುಕೊಂಡು ಬೆಟ್ಟ ಹತ್ತಿದ ದಿನ ಅದನ್ನು ಓದಿಸಿಕೊಂಡು, ಕಾಗದ ಇರುತ್ತಿದ್ದ ಅದೇ ಸೊಂಟದ ಮಡಿಯಲ್ಲಿ ಇಟ್ಟುಕೊಂಡ. ಅಲ್ಲಿ ಆಗಲೇ ಒಂದು ಹಿಡಿ ಭತ್ತವಿತ್ತು.