ಒಂದು ಕೊಡದ ತೂಕ

ಕೆಂಭಾವಿಯ ಖಂಡಪ್ಪ ಹದಿಮೂರು ವರ್ಷದ ಸಂಸಾರದಲ್ಲಿ ಹೆಂಡತಿಗೆ ಒಮ್ಮೆಯೂ 'ಬ್ಯಾಡ' ಅಂದವನಲ್ಲ. ಈ ಮಾತನ್ನು ಅವನೇ ಚಹಾದಂಗಡಿಯಲ್ಲಿ ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳುತ್ತಿದ್ದ, ಕೇಳಿದವರು ತಲೆದೂಗುತ್ತಿದ್ದರು. ಅವನ ಹೆಂಡತಿ ಲಾಲಮ್ಮನನ್ನು ಕೇಳಿದ್ದರೆ ಅವಳೂ ಹೌದೆಂದೇ ಹೇಳುತ್ತಿದ್ದಳು, ಯಾಕೆಂದರೆ ಅದು ಸುಳ್ಳಲ್ಲ. ಬೇಡ ಅನ್ನುವ ಕೆಲಸವನ್ನು ಅವನ ಪರವಾಗಿ ಒಂದು ಪೆಟ್ಟಿಗೆ ಮಾಡುತ್ತಿತ್ತು.

ಲಾಲಮ್ಮ ರಾಮಸಮುದ್ರದ ಅಂಬ್ರಪ್ಪನ ಮಗಳು. ಕೆಂಭಾವಿ ಕಡೆಯ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ ಹುಟ್ಟಿದವಳು. ಅಂಬ್ರಪ್ಪ ಹಗಲು ಕೂಲಿ ಮಾಡಿ, ಸಂಜೆ ಭಜನೆಯಲ್ಲಿ ತಂಬೂರಿ ಮೀಟುತ್ತಿದ್ದ. ಅದರ ಬುರುಡೆಗೆ ಕಿವಿ ಹಚ್ಚಿ ನಿದ್ದೆಹೋದ ಕೂಸು ಇದು, ಹಾಗಾಗಿ ತಗ್ಗಿನ ದನಿಯೆಂದರೆ ಅವಳಿಗೆ ತವರಿದ್ದಂತೆ. ಮದುವೆಯಾಗಿ ಬಂದ ಮನೆಯಲ್ಲಿ ಗಂಡನದೊಂದು ಹಾಡಿನ ಮೇಳವಿತ್ತು, 'ನೀಲಿ ಬಾನು ಮೆಲೋಡೀಸ್' ಎಂದು ಹೆಸರು. ಬಾಬಾಸಾಹೇಬರ ಜಯಂತಿಗೆ, ಮದುವೆಗೆ, ತೊಟ್ಟಿಲ ಕಾರ್ಯಕ್ಕೆ ಕರೆದಲ್ಲಿ ಹೋಗಿ ಹಾಡುವ ಮಂದಿ. ಮೇಳದಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದವನು ದುಡಿಯಲು ಪುಣೆಗೆ ಹೋದವನು ತಿರುಗಿ ಬರಲಿಲ್ಲ. ಗೋಡೆಗೆ ತೂಗಿದ್ದ ನಾಲ್ಕು ದಪ್ಪ ತಂತಿಯ, ತಗ್ಗಿನ ದನಿಯ ಆ ಗಿಟಾರನ್ನು ಲಾಲಮ್ಮ ಮಧ್ಯಾಹ್ನ ರೊಟ್ಟಿ ಬಡಿದಾದ ಮೇಲೆ ಇಳಿಸಿಕೊಂಡು ಮೀಟುತ್ತ ಕೂರುತ್ತಿದ್ದಳು. ಶಹಾಪುರದಲ್ಲಿ ಮೈಕು, ರೇಡಿಯೋ ರಿಪೇರಿ ಮಾಡುತ್ತಿದ್ದ ಸುಲ್ತಾನಸಾಬ ಒಮ್ಮೆ ಏನನ್ನೋ ಸರಿಪಡಿಸಲು ಬಂದವನು ಅದನ್ನು ಕೇಳಿ, ತಾನೇ ಕೂತು ಬೆರಳು ಹೇಗಿಡಬೇಕೆಂದು ತೋರಿಸಿಕೊಟ್ಟ.

ಹೆಣ್ಣುಮಗಳು ಬೇಸ್ ಬಾರಿಸುತ್ತಾಳೆಂಬ ಸುದ್ದಿ ಹಬ್ಬಿದ್ದೇ ತಡ, ಮೇಳಕ್ಕೆ ಕರೆ ಹೆಚ್ಚಾಯಿತು. ಖಂಡಪ್ಪನ ದನಿ ಅಷ್ಟರಲ್ಲಿ ಮೇಲಿನ ಸ್ವರಕ್ಕೆ ಹೋದರೆ ಒಡೆಯತೊಡಗಿತ್ತು. ಮಂದಿ ತನ್ನನ್ನಲ್ಲ, ಪಕ್ಕದಲ್ಲಿ ನಿಂತವಳನ್ನು ನೋಡಲು ಬರುತ್ತಿದ್ದಾರೆಂಬುದು ಅವನಿಗೆ ತಿಳಿಯದ್ದೇನಲ್ಲ. ಹೆಣ್ಣಿನ ಕಾಲ ಬೇಡಿ ಕಡಿಯಿರೋ ಎಂಬ ಅರ್ಥದ ಹಾಡೊಂದನ್ನು ಅವನೇ ಕಟ್ಟಿದ್ದ. ಅದನ್ನು ಹಾಡುವಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತಿತ್ತು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಆ ಹಾಡಿಗೂ ಬೇಸ್ ಲಾಲಮ್ಮನದೇ.

ಇನ್ನು ಪೆಟ್ಟಿಗೆ. ಬೇಸ್ ಗಿಟಾರಿಗೆ ತನ್ನದೇ ಆಂಪ್ಲಿಫೈಯರ್ ಬೇಕು, ದನಿ ದೊಡ್ಡದು ಮಾಡುವ ಪೆಟ್ಟಿಗೆ. ಹಳ್ಳಿಯ ಮೈಕಿನ ಭೋಂಗಾದಲ್ಲಿ ಹಾಡು ಮೂರು ಊರಿಗೆ ಕೇಳೀತು, ತಗ್ಗಿನ ದನಿ ಮಾತ್ರ ಅದರಲ್ಲಿ ಸತ್ತೇಹೋಗುತ್ತದೆ. ಅದಕ್ಕೆಂದೇ ಬೇಸ್ ಬಾರಿಸುವವರು ತಮ್ಮ ಪೆಟ್ಟಿಗೆಯನ್ನು ತಾವೇ ಒಯ್ಯುವುದು ಈ ಕಸುಬಿನ ರಿವಾಜು. ಖಂಡಪ್ಪನ ಮನೆಯಲ್ಲಿದ್ದ ಪೆಟ್ಟಿಗೆ ಹತ್ತಿ ತೂಗುವ ಕಾಟಾದ ಮೇಲೆ ಮೂವತ್ತೆಂಟು ಕಿಲೋ ಬಂದಿತ್ತು. ಎತ್ತಲು ಖಂಡಪ್ಪ ಒಂದು ಕಡೆ, ಅವನ ತಮ್ಮ ಹುಲಗಪ್ಪ ಇನ್ನೊಂದು ಕಡೆ. ಒಯ್ಯಲು ಖಂಡಪ್ಪನದೇ ಟೆಂಪೋ.

ಸುಲ್ತಾನಸಾಬನದೂ ಒಂದು ಆರ್ಕೆಸ್ಟ್ರಾ ಇತ್ತು. ಅವನ ಬೇಸ್ ಹುಡುಗ ಪೆಟ್ಟಿಗೆ ಸಮೇತ ಸೋಲಾಪುರದ ಮೇಳಕ್ಕೆ ಹೋದಾಗ ಅವನು ಲಾಲಮ್ಮನನ್ನು ಕರೆದ. "ಬಾ ತಂಗಿ, ಆ ಮೇಳದಾಗ ಮೂರ ಸ್ವರ ಬಾರಿಸಿ ಬಾರಿಸಿ ಬೆರಳ ಜಂಗ ಹಿಡದಾವ. ನನ್ನ ಹಂತ್ಯಾಕ ಡ್ರಮ್ ಅದ, ಕೀಬೋರ್ಡ ಅದ. ನಿನ್ನ ಪೆಟ್ಟಿಗಿ ತಗೊಂಡ ಬಾ" ಅಂದ.

ಲಾಲಮ್ಮ ಗಂಡನನ್ನು ಕೇಳಿದಳು. ಖಂಡಪ್ಪ ಮೀಸೆಯಡಿ ನಕ್ಕ.

"ಹೋಗು, ಯಾರ ಬ್ಯಾಡ ಅಂದಾರ? ಪೆಟ್ಟಿಗಿ ಹ್ಯಾಂಗ ಒಯ್ಯತಿ?"

ಮುಗಿಯಿತು. ಸಿಟ್ಟಾಗೋಣವೆಂದರೆ ಅವನು ಬೈದಿಲ್ಲ. ಅಳೋಣವೆಂದರೆ ಹೊಡೆದಿಲ್ಲ. ಹೋಗು ಅಂತಲೇ ಅಂದಿದ್ದಾನೆ. ಹೀಗೆ ನಾಲ್ಕು ವರ್ಷ ಸುಲ್ತಾನಸಾಬ ಕರೆಯುತ್ತಲೇ ಇದ್ದ, ಖಂಡಪ್ಪ ಹೋಗು ಅನ್ನುತ್ತಲೇ ಇದ್ದ, ಲಾಲಮ್ಮ ಮನೆಯಲ್ಲೇ ಇದ್ದಳು. ಕದ ತೆರೆದಿಟ್ಟ ಕೋಣೆಯಲ್ಲಿ ಕೂಡಿಹಾಕಿಸಿಕೊಂಡವರ ಉಸಿರು ಹೇಗೆ ಕಟ್ಟುತ್ತದೆಂದು ಅವಳಿಗೆ ಗೊತ್ತಿತ್ತು. ಯಾರ ಮುಂದೆ ಹೇಳಿಕೊಂಡರೂ ಕದ ತೆರೆದೇ ಅದಲ್ಲವ್ವಾ ಅನ್ನುತ್ತಿದ್ದರು.

ನಾಲ್ಕನೆಯ ವರ್ಷ ವಡಗೇರಾದ ಮದುವೆಯೊಂದರಲ್ಲಿ ಕರೆಂಟು ಒಮ್ಮೆಲೆ ಏರಿ ಪೆಟ್ಟಿಗೆಯಿಂದ ಹೊಗೆ ಬಂತು. ಸುಲ್ತಾನಸಾಬ ಬಿಚ್ಚಿ ನೋಡಿ, ಇದನ್ನು ಸರಿಮಾಡುವುದಕ್ಕಿಂತ ಹೊಸದು ತರುವುದು ಸೋವಿ ಅಂದ. ಲಾಲಮ್ಮನ ಹತ್ತಿರ ಎರಡು ಸುಗ್ಗಿ ಹತ್ತಿ ಬಿಡಿಸಿದ ಕೂಲಿಯಿತ್ತು. "ನನ್ನ ರೊಕ್ಕದಾಗ ತರೂಣ್ರಿ. ಆದ್ರ ನಾ ಆರಿಸಾಕಿ" ಅಂದಳು. ಖಂಡಪ್ಪ ಅದಕ್ಕೂ ಬೇಡ ಅನ್ನಲಿಲ್ಲ.

ಗುಲಬರ್ಗಾದ ಅಂಗಡಿಯವನು ಮೂರು ಪೆಟ್ಟಿಗೆ ತೋರಿಸಿದ. ಮೊದಲನೆಯದು ಹಳೆಯದರ ಅಣ್ಣನ ಹಾಗಿತ್ತು. ಖಂಡಪ್ಪ ಅದರ ಬೆನ್ನು ಚಪ್ಪರಿಸಿ, "ಇದು ನೋಡು, ಗಂಡಸಿನಂಥಾ ಪೆಟ್ಟಿಗಿ" ಅಂದ. ಎರಡನೆಯದು ಅಂಗೈ ಮೇಲೆ ಕೂರುವಷ್ಟು ಸಣ್ಣದು, ಬೆಲೆಯೂ ಸಣ್ಣದು. ಲಾಲಮ್ಮ ಗಿಟಾರನ್ನು ಅದಕ್ಕೆ ಜೋಡಿಸಿ ಎಲ್ಲಕ್ಕಿಂತ ದಪ್ಪನೆಯ ತಂತಿ ಮೀಟಿದಳು. ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಗರಗರ ಅಂತು. "ಇದು ಮನ್ಯಾಗ ಕಲಿಯೋರಿಗ್ರಿ ಅಕ್ಕಾರ. ಹಲಗಿ ಮುಂದ ನಡಿಯಂಗಿಲ್ಲ" ಎಂದು ಅಂಗಡಿಯವನೇ ಒಪ್ಪಿಕೊಂಡ. ಮೂರನೆಯದು ಹೊಸ ತರಹದ್ದು. ಒಳಗಿನ ಭಾರದ ಸಾಮಾನೆಲ್ಲ ತೆಗೆದು ಹಗುರ ಮಾಡಿದ್ದಾರೆ, ನೂರು ವ್ಯಾಟು, ಹನ್ನೆರಡು ಕಿಲೋ ಅಂದ. ನೋಡಲಿಕ್ಕೆಂದು ಹೊರಗಿಟ್ಟು ಒಂದು ಮೂಲೆ ತರಚಿದ್ದರಿಂದ ಬೆಲೆಯನ್ನೂ ಇಳಿಸಿದ್ದ, ಲಾಲಮ್ಮನ ಕೈಗೆಟುಕುವಷ್ಟು.

ವ್ಯಾಟು, ಕಿಲೋ ಎಲ್ಲ ಅಂಗಡಿಯವನ ಲೆಕ್ಕ. ಲಾಲಮ್ಮನ ಲೆಕ್ಕ ಬೇರೆ. ಅವಳು ಪೆಟ್ಟಿಗೆಯನ್ನು ಹಿಡಿಕೆಯಿಂದ ಎತ್ತಲಿಲ್ಲ. ಸೆರಗು ಸಿಕ್ಕಿಸಿ, ಬಗ್ಗಿ, ತಬ್ಬಿ, ಟೊಂಕದ ಮೇಲೆ ಇಟ್ಟುಕೊಂಡಳು. ಕಾಲುವೆಯಿಂದ ಮನೆಗೆ ನೀರು ತರುವಾಗ ಕೊಡ ಕೂರುವ ಜಾಗ ಅದು. ಹಾಗೇ ಅಂಗಡಿಯ ಮೆಟ್ಟಿಲಿಳಿದು, ರಸ್ತೆ ದಾಟಿ, ಆ ಕಡೆಯ ಬೇವಿನ ಗಿಡ ಮುಟ್ಟಿ ವಾಪಸು ಬಂದಳು. ಆಟೋದವರು ಹಾರ್ನು ಹೊಡೆದರು. ಅಂಗಡಿಯವನು ಬಾಯಿ ತೆರೆದು ನಿಂತಿದ್ದ.

"ತುಂಬಿದ ಕೊಡಕ್ಕಿಂತ ಎರಡು ತಂಬಿಗಿ ಕಡಿಮಿ ಅದ" ಅಂದಳು. ಏದುಸಿರು ಕೂಡ ಬಂದಿರಲಿಲ್ಲ.

ಆಮೇಲೆ ಗಂಡನನ್ನು ಆ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಬಾರಿಸಿದಳು. ಮಂದಿಯ ನಡುವೆ ಎಲ್ಲರಿಗಿಂತ ಹಿಂದೆ ಕೂತ ಮುದುಕಿಗೂ ಎದೆಗೆ ಹತ್ತಬೇಕು, ಅದು ಅವಳ ಅಳತೆ. ಪೆಟ್ಟಿಗೆಯನ್ನು ಮೇಜಿನಿಂದ ನೆಲಕ್ಕಿಳಿಸಿ, ಗೋಡೆಯ ಮಗ್ಗುಲಿಗೆ ಸರಿಸಿ ಮತ್ತೆ ಮೀಟಿದಾಗ ದನಿ ತುಂಬಿಕೊಂಡು ಬಂತು. "ಕೇಳ್ತೇನ್ರಿ?" ಎಂದು ಕೂಗಿದಳು. ಖಂಡಪ್ಪನಿಗೆ ಕೇಳಿತ್ತು. ರಸ್ತೆಯ ಕಡೆ ನೋಡುತ್ತ ಹೌದೆಂದು ಕೈಯೆತ್ತಿದ.

ಕಟ್ಟಿಕೊಡುವಾಗ ಅಂಗಡಿಯವನು ಕರೆಂಟಿನ ವಾಯರನ್ನು ಬೇರೆಯಾಗಿ ಕೊಟ್ಟ. ಹಳೆಯದರಲ್ಲಿ ವಾಯರು ಪೆಟ್ಟಿಗೆಗೇ ಅಂಟಿಕೊಂಡಿತ್ತು, ಇದರಲ್ಲಿ ಬೇಕಾದಾಗ ಚುಚ್ಚುವುದು, ಆದ ಮೇಲೆ ತೆಗೆಯುವುದು. ಖಂಡಪ್ಪ ಅದನ್ನು ಸುತ್ತಿ ತನ್ನ ಹೆಗಲ ಚೀಲಕ್ಕೆ ಹಾಕಿಕೊಂಡ. "ನನ್ನ ಹಂತ್ಯಾಕ ಇರ್ಲಿ. ನೀ ಕಳೀತಿ. ಇದು ಕಂಪನಿ ವಾಯರು, ಬ್ಯಾರೇದು ಹಚ್ಚಿದ್ರ ಪೆಟ್ಟಿಗಿ ಸುಟ್ಟ ಹೋಗತದ" ಅಂದ. ಹೊಗೆ ಕಣ್ಣಾರೆ ಕಂಡವಳು ನಂಬಿದಳು. ಅವಳ ಧ್ಯಾನವೆಲ್ಲ ಟೊಂಕದ ಮೇಲಿನ ಪೆಟ್ಟಿಗೆಯಲ್ಲಿತ್ತು. ರೈಲಿನಲ್ಲಿ ಯಾದಗಿರಿವರೆಗೂ ಪೆಟ್ಟಿಗೆಯನ್ನು ತೊಡೆಯಿಂದ ಕೆಳಗಿಡಲಿಲ್ಲ.

ಹೊಸ ಪೆಟ್ಟಿಗೆ ಬಂದ ಮೇಲೆ ಸುಲ್ತಾನಸಾಬ ಮೊದಲ ಸಲ ಕರೆದಾಗ ಖಂಡಪ್ಪ, "ಹೋಗು, ಯಾರ ಬ್ಯಾಡ ಅಂದಾರ?" ಅಂದ. ಹೊರಡುವ ಹೊತ್ತಿಗೆ ನೋಡಿದರೆ ವಾಯರಿದ್ದ ಹೆಗಲ ಚೀಲ ಹುಲಗಪ್ಪನ ಮನೆಯಲ್ಲಿ, ಹುಲಗಪ್ಪನ ಮನೆಗೆ ಬೀಗ. ಇರಲಿ, ಆಗುತ್ತದೆ. ಎರಡನೆಯ ಸಲ ಚೀಲ ಖಂಡಪ್ಪನ ಜೊತೆ ಸುರಪುರಕ್ಕೆ ಹೋಗಿತ್ತು. ಸಂಜೆ ಬಂದವನು, "ಅಯ್ಯ, ನೆನಪ ಮಾಡಬೇಕಿಲ್ಲೇನು!" ಎಂದು ಅವಳ ಮೇಲೆಯೇ ಹಾಕಿದ. ಲಾಲಮ್ಮ ಗಿಟಾರು, ಪೆಟ್ಟಿಗೆ ಎರಡನ್ನೂ ಮಗ್ಗುಲಲ್ಲಿಟ್ಟುಕೊಂಡು ಅಡುಗೆಮನೆಯ ಗೋಡೆಗೆ ಒರಗಿ ಕೂತಳು. ಮೂವತ್ತೆಂಟು ಕಿಲೋ ಇದ್ದ ಬೀಗ ಈಗ ಮೂರು ಮೊಳದ ವಾಯರಾಗಿದೆ, ಅಷ್ಟೇ ವ್ಯತ್ಯಾಸ. ಅವತ್ತು ಅವಳಿಗೆ ಗಂಡನಿಗಿಂತ ತನ್ನ ಮೇಲೆಯೇ ಹೆಚ್ಚು ಹೇಸಿಕೆ ಬಂತು. ರೊಕ್ಕ ಕೊಟ್ಟು, ಆರಿಸಿ, ಎತ್ತಿ ನೋಡಿ, ತಾನೇ ತನಗೊಂದು ಹೊಸ ಬೋನು ತಂದುಕೊಂಡಿದ್ದಳಲ್ಲ!

ದೇವರು ಕೈ ಬಿಟ್ಟರೂ ಪಂಚಾಯಿತಿ ಬಿಡುವುದಿಲ್ಲ. ಉದ್ಯೋಗ ಖಾತ್ರಿಯ ಕಾರ್ಡಿಗೆಂದು ಅಲ್ಲಿಗೆ ಹೋಗಿ ಅರ್ಧ ದಿನ ಕಾಯುತ್ತ ಕೂತಾಗ, ಲಾಲಮ್ಮನ ಕಣ್ಣು ಕಂಪ್ಯೂಟರಿನ ಬೆನ್ನಿಗೆ ಬಿತ್ತು. ಅದೇ ಕಪ್ಪು ವಾಯರು, ಅದೇ ಮೂರು ತೂತಿನ ಬಾಯಿ. ಹೊರಗೆ ಬಂದು ಸುಲ್ತಾನಸಾಬನಿಗೆ ಫೋನು ಹಚ್ಚಿದಳು. "ಕಾಕಾ, ಕಂಪ್ಯೂಟರದ ವಾಯರ ನನ್ನ ಪೆಟ್ಟಿಗಿಗಿ ನಡೀತದೇನ್ರಿ?"

ಸುಲ್ತಾನಸಾಬ ಬಿದ್ದು ಬಿದ್ದು ನಕ್ಕ. "ಎಲ್ಲಾ ಒಂದೇ ತಂಗಿ. ಅಂಥಾವು ನನ್ನ ಅಂಗಡ್ಯಾಗ ಗೂಟಕ್ಕ ಹತ್ತ ಜೋತಾಡತಾವ. ಯಾಕ?"

"ಸುಮ್ನ ಕೇಳಿದ್ಯಾ" ಅಂದಳು ಲಾಲಮ್ಮ. ನಗು ಅವಳಿಗೆ ಬರಲಿಲ್ಲ.

ಮೂರನೆಯ ಕರೆ ಯಾದಗಿರಿಯ ಕಾರ್ಯಕ್ರಮಕ್ಕೆ ಬಂತು. ಶಹಾಪುರಕ್ಕೆ ಹೋಗಿ ಅಲ್ಲಿಂದ ಸುಲ್ತಾನಸಾಬನ ಗಾಡಿ. ವಾಯರಿನ ವಿಷಯ ಬಾಯಿಬಿಡದೆ ಲಾಲಮ್ಮ ಗಂಡನಿಗೆ ಹೇಳಿದಳು. ಅವನು ಎಂದಿನಂತೆ, "ಹೋಗು, ಯಾರ ಬ್ಯಾಡ ಅಂದಾರ? ವಾಯರ ನಾನೇ ಬಸ್‌ಸ್ಟ್ಯಾಂಡಿಗಿ ತಂದು ಕೊಡತೀನಿ" ಅಂದ. ಅವಳಿಗೆ ಆ ವಾಯರು ಈಗ ಬೇಕಾಗಿರಲಿಲ್ಲ. ಬೇಕಾಗಿದ್ದುದು ಬೇರೆ. ಒಂದೋ ಅವನು ಅದನ್ನು ತಂದು ಕೈಗಿಡಬೇಕು, ಇಲ್ಲವೇ ಹದಿಮೂರು ವರ್ಷದ ಮೇಲಾದರೂ ತನ್ನ ಬಾಯಿಂದ ಬೇಡ ಅನ್ನಬೇಕು. ಎರಡರಲ್ಲಿ ಯಾವುದಾದರೂ ಆದರೆ ಸಾಕು, ಅವನ ಜೊತೆ ಬಾಳಬಹುದು ಅಂದುಕೊಂಡಳು.

ಮರುದಿನ ಗಿಟಾರು ಬೆನ್ನಿಗೆ, ಪೆಟ್ಟಿಗೆ ಟೊಂಕಕ್ಕೆ. ಸಂತೆಯ ದಿನ, ಬಸ್‌ಸ್ಟ್ಯಾಂಡಿನ ತುಂಬ ಮಂದಿ. ಖಂಡಪ್ಪ ಬಂದ. ಶಹಾಪುರದ ಬಸ್ಸೂ ಬಂತು.

"ವಾಯರ ಕೊಡ್ರಿ."

ಖಂಡಪ್ಪ ಅಂಗಿಯ ಕಿಸೆ ಮುಟ್ಟಿಕೊಂಡ, ಚೀಲವನ್ನು ಹೊರಗಿನಿಂದ ತಟ್ಟಿದ, ಹಣೆಗೆ ಕೈ ಹಚ್ಚಿಕೊಂಡ. "ಅರೇ, ಮನ್ಯಾಗ ಉಳೀತು ನೋಡು! ಓಡಿ ಹೋಗಿ ತರ್ಲಿ? ಬಸ್ ನಿಂದರಬೇಕಲ್ಲ ಮತ್ತ. ಮುಂದಿನ ಸಲ ಹೋಗಿಯಂತ, ಯಾರ ಬ್ಯಾಡ ಅಂದಾರ?"

ಹೆಗಲ ಚೀಲದ ಅಂಚಿನಲ್ಲಿ ಕಪ್ಪು ವಾಯರಿನ ಸುರುಳಿ ಕಾಣುತ್ತಿತ್ತು. ಲಾಲಮ್ಮ ಅದನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಅಲ್ಲಿ ಕೆಡುಕಿರಲಿಲ್ಲ. ದನಿ ಹೋದ ಹಾಡುಗಾರನ ಹೆದರಿಕೆ ಇತ್ತು. ಒಂದು ಗಳಿಗೆ ಅವಳಿಗೆ ಅವನ ಮೇಲೆ ಕನಿಕರ ಬಂತು, ಕಾಲು ಹಿಂದೆ ಜಗ್ಗಿತು. ಇಷ್ಟು ವರ್ಷ ತನ್ನನ್ನು ಕಟ್ಟಿಹಾಕಿದ್ದರಲ್ಲಿ ಈ ಕನಿಕರದ ಪಾಲೂ ಇತ್ತೆಂಬುದು ಅವಳಿಗೆ ಆಗ ಹೊಳೆಯಿತು.

"ಇರ್ಲಿ ಬಿಡ್ರಿ" ಎಂದು ಬಸ್ಸು ಹತ್ತಿದಳು. ಪೆಟ್ಟಿಗೆಯನ್ನು ಡ್ರೈವರನ ಹಿಂದಿನ ಸೀಟಿನ ಮುಂದಿಟ್ಟು, ಕಿಟಕಿಯ ಪಕ್ಕ ಕೂತಳು.

ಖಂಡಪ್ಪನಿಗೆ ಅರ್ಥವಾಗಲಿಲ್ಲ. ವಾಯರಿಲ್ಲದೆ ಎಲ್ಲಿಗೆ ಹೋಗುತ್ತಾಳಿವಳು? ಕಂಡಕ್ಟರ್ ಸೀಟಿ ಊದಿದ, ಬಸ್ಸು ಅಲುಗಾಡಿತು. ಆಗ ಅವನು ಚೀಲಕ್ಕೆ ಕೈಹಾಕಿ, ಸುರುಳಿ ಎಳೆದು, ಕಿಟಕಿಯ ಜೊತೆ ಜೊತೆಗೆ ಓಡತೊಡಗಿದ.

"ಏ ಲಾಲಮ್ಮ! ಸಿಕ್ತು, ಸಿಕ್ತು! ಇಲ್ಲೇ ಅದ, ತಗೋ!"

ಅವಳು ಕೈ ಚಾಚಿದ್ದರೆ ಮುಟ್ಟುವಷ್ಟು ಹತ್ತಿರವಿತ್ತು. ಕೈ ತೊಡೆಯ ಮೇಲೆಯೇ ಇತ್ತು.

"ಚೀಲದಾಗ ಬ್ಯಾಡ, ಮನ್ಯಾಗ ಗೂಟಕ್ಕ ಹಾಕ್ರಿ" ಅಂದಳು ಲಾಲಮ್ಮ. "ನಾ ತಿರುಗಿ ಬಂದ ಮ್ಯಾಲ ಬೇಕಾಗತದ."