ಖೋ ಸಿಗುವ ಮೊದಲೇ ಎದ್ದವಳು

ಸೋಲಾಪುರದ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ದೈಹಿಕ ಶಿಕ್ಷಕಿಯಾಗಿದ್ದೆ. ನಿವೃತ್ತಳಾದ ಮರುವರ್ಷ ಸ್ವಯಂಸೇವಕಿಯಾಗಿ ಆಫ್ರಿಕಾದ ಮಲಾವಿ ದೇಶಕ್ಕೆ ಹೋದೆ. ಅಲ್ಲಿಗೆ ಖೋ ಖೋ ಹೊಸ ಆಟ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಆಟ ಕಲಿಸುವುದು, ಸಂಜೆ ದೇಶದ ಮಹಿಳಾ ತಂಡಕ್ಕೆ ತರಬೇತಿ ಕೊಡುವುದು ನನ್ನ ಕೆಲಸ. ಅಕ್ಕಲಕೋಟ ತಾಲ್ಲೂಕಿನ ಕರಜಗಿಯಲ್ಲಿ ಬರಿಗಾಲಲ್ಲಿ ಕಲಿತ ಆಟ ಇಷ್ಟು ದೂರ ಕರೆದುಕೊಂಡು ಹೋದೀತೆಂದು ನಾನು ಎಣಿಸಿರಲಿಲ್ಲ.

ಆ ತಂಡದಲ್ಲಿ ತಡಲಾ ಎಂಬ ಹತ್ತೊಂಬತ್ತು ವರ್ಷದ ಹುಡುಗಿ ಇದ್ದಳು. ಎತ್ತರದ ಆಳು, ಮಾತು ಕಡಿಮೆ. ಓಡುವ ಸರದಿ ಬಂದರೆ ಅವಳನ್ನು ಮುಟ್ಟುವವರೇ ಇರಲಿಲ್ಲ. ಮೊದಲ ವರ್ಷವೆಲ್ಲ ನಾನು ಇವಳ ಸುತ್ತಲೇ ತಂಡ ಕಟ್ಟಿದೆ.

ಎರಡನೇ ವರ್ಷ ಪುಣೆಯ ಪಂದ್ಯಾವಳಿಯೊಂದಕ್ಕೆ ಆಹ್ವಾನ ಬಂತು. ಅದಕ್ಕೆ ಮುಂಚೆ ಸೋಲಾಪುರದಲ್ಲಿ ಇಪ್ಪತ್ತು ದಿನದ ಶಿಬಿರ ಇಟ್ಟುಕೊಂಡೆವು. ಹದಿನೈದು ಹುಡುಗಿಯರು ಬಂದರು. ಸಿಕ್ಕ ಮೈದಾನ ಹೆದ್ದಾರಿಗೆ ಹತ್ತಿಕೊಂಡಿತ್ತು. ದಿನವಿಡೀ ಬಸ್ಸು, ಲಾರಿ, ರಿಕ್ಷಾಗಳ ಸದ್ದು. ತಡಲಾಳ ಆಟ ಕೆಟ್ಟದ್ದು ಅಲ್ಲಿಯೇ.

ಖೋ ಖೋದಲ್ಲಿ ಬೆನ್ನಟ್ಟುವ ತಂಡದವರು ಸಾಲಾಗಿ ಕುಳಿತಿರುತ್ತಾರೆ. ಅವರಲ್ಲಿ ಎದ್ದು ಬೆನ್ನಟ್ಟುತ್ತಿರುವವಳು ಕುಳಿತವಳ ಹಿಂದಿನಿಂದ ಬಂದು ಬೆನ್ನು ಮುಟ್ಟಿ ಗಟ್ಟಿಯಾಗಿ ‘ಖೋ’ ಎನ್ನಬೇಕು. ಖೋ ಸಿಗುವ ಮೊದಲೇ ಕುಳಿತವಳು ಎದ್ದರೆ ಫೌಲ್. ತಡಲಾ ಒಮ್ಮೆ ಮೊದಲೇ ಏಳುತ್ತಿದ್ದಳು, ಇನ್ನೊಮ್ಮೆ ಖೋ ಕೊಟ್ಟರೂ ಕುಳಿತೇ ಇರುತ್ತಿದ್ದಳು. ಪರದೇಶ ಕಂಡು ಹುಡುಗಿಯ ಲಕ್ಷ್ಯ ಎಲ್ಲೋ ಹೋಗಿದೆ ಎಂದುಕೊಂಡೆ. ಎಲ್ಲರೆದುರು ಬೈದೆ, ಮೈದಾನ ಸುತ್ತು ಹಾಕಿಸಿದೆ. ಶಿಬಿರದ ಎರಡನೇ ಶನಿವಾರ ಹನ್ನೆರಡು ಮಂದಿಯ ಕೊನೆಯ ಪಟ್ಟಿ ಕಳಿಸುವಾಗ ಅವಳ ಹೆಸರು ಹೊಡೆದುಹಾಕಿದೆ.

“ಸರಿ, ಕೋಚ್,” ಎಂದಳು. ಹೋಗಿ ಮೈದಾನದ ಅಳಿಸಿಹೋಗಿದ್ದ ಗೆರೆಗಳ ಮೇಲೆ ಸುಣ್ಣ ಹಾಕುತ್ತ ಕುಳಿತಳು.

ಮರುದಿನ ಭಾನುವಾರ. ಎಲ್ಲರನ್ನೂ ಎಸ್‌ಟಿ ಬಸ್ಸಿನಲ್ಲಿ ಕರಜಗಿಗೆ, ನಮ್ಮ ಅಣ್ಣನ ಮನೆಗೆ, ಊಟಕ್ಕೆ ಕರೆದುಕೊಂಡು ಹೋದೆ. ಅಣ್ಣನ ಹೆಂಡತಿ ಶಾಂತಾ ವೈನಿಗೆ ಕನ್ನಡ, ಮರಾಠಿ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಪಡಸಾಲೆಯಲ್ಲಿ ಸಾಲಾಗಿ ಕೂರಿಸಿ, ಬಿಸಿ ಜೋಳದ ಭಕ್ರಿ, ಶೇಂಗಾ ಹಿಂಡಿ ತಾವೇ ಬಡಿಸಿದರು. ಊಟ ಮುಗಿದ ಮೇಲೆ ನನ್ನನ್ನು ಒಳಗೆ ಕರೆದರು.

“ಸುಮಿ, ಆ ಉದ್ದನ್ನ ಹುಡುಗಿಗಿ ಎಡಗಿವಿ ಕೇಳಂಗಿಲ್ಲೇನ?”

“ಏನ್ ಮಾತಾಡ್ತೀರಿ ವೈನಿ? ಒಂದೂವರಿ ವರ್ಷ ಆತು, ದಿನಾ ನಾನೇ ಕಲಸಾಕತ್ತೀನಿ.”

“ಕಲಸಾಕತ್ತೀದಿ, ಖರೆ. ಎಂದರ ನೋಡೀಯೇನು? ಎಡಕ್ಕ ನಿಂತು ಭಕ್ರಿ ಬೇಕೇನಂತ ಎರಡು ಸರ್ತಿ ಕೇಳಿದೆ, ತಿರುಗಲಿಲ್ಲ. ಬಲಕ್ಕ ಬಂದೆ, ಲಗೂನ ಮಾರಿ ಎತ್ತಿದ್ಲು. ಗೆಳತ್ಯಾರು ಮಾತಾಡಿದ್ರ ಕಣ್ಣ ನೋಡಂಗಿಲ್ಲ, ಬರೀ ತುಟಿ ನೋಡ್ತಾಳ. ನಂಗ ಆ ಹುಡುಗ್ಯಾರ ಮಾತು ತಿಳೀವಲ್ದು. ಅದಕ್ಕ ಮಾರಿ ನೋಡಕೋತ ಕುಂತಿದ್ದೆ.”

ಹೊರಗೆ ಬಂದೆ. ಅಂಗಳದ ಬೇವಿನ ಮರದಡಿ ತಡಲಾ ಒಬ್ಬಳೇ ಇದ್ದಳು. ಹೋಗಿ ಅವಳ ಬಲಕ್ಕೆ ಕುಳಿತು ನೇರವಾಗಿ ಕೇಳಿದೆ. ಚಿಕ್ಕವಳಿದ್ದಾಗ ಜ್ವರ ಬಂದು ಎಡಗಿವಿ ಹೋಯಿತಂತೆ. ಅವಳ ದೇಶದ ಮೈದಾನ ಶಾಂತವಾಗಿತ್ತು, ಬಲಗಿವಿಯೊಂದರಲ್ಲೇ ಸಾಗುತ್ತಿತ್ತು. ಇಲ್ಲಿಯ ಗದ್ದಲದಲ್ಲಿ ಬಲಗಿವಿಗೂ ಏನೂ ಸ್ಪಷ್ಟವಾಗದೆ, ಬೆನ್ನಿಗೆ ಕೈ ತಾಗಿದರೂ ಖೋ ಯಾವಾಗ ಎಂದರೆಂದು ತಿಳಿಯದೆ, ಅಂದಾಜಿನ ಮೇಲೆ ಏಳುತ್ತಿದ್ದಳು.

“ನನಗೆ ಏಕೆ ಹೇಳಲಿಲ್ಲ?”

“ಹೇಳಿದ್ದರೆ ಮೊದಲ ದಿನವೇ ನೀವು ನನ್ನನ್ನು ಮನೆಗೆ ಕಳಿಸುತ್ತಿದ್ದಿರಿ.”

ಅವಳು ಹೇಳಿದ್ದು ನಿಜವಾಗಿತ್ತು. ಬೇರೆ ದೇಶದ ಹೊಸ ತಂಡ, ಎಲ್ಲರ ಕಣ್ಣು ನನ್ನ ಮೇಲೆ. ಒಂದು ಕಿವಿ ಕೇಳದ ಹುಡುಗಿಯನ್ನು ಆಗ ನಾನು ಖಂಡಿತ ಇಟ್ಟುಕೊಳ್ಳುತ್ತಿರಲಿಲ್ಲ.

ಅಲ್ಲಿಂದಲೇ ಪುಣೆಗೆ ಫೋನ್ ಮಾಡಿದೆ. ಪಟ್ಟಿ ಬದಲಿಸುವ ಅವಧಿ ಮುಗಿದಿದೆ ಎಂದರು. ಸೋಮವಾರ ಬೆಳಿಗ್ಗೆ ತಂಡವನ್ನೆಲ್ಲ ಸೇರಿಸಿ, ಎಲ್ಲರೆದುರು ಬೈದದ್ದಕ್ಕೆ ಎಲ್ಲರೆದುರೇ ತಡಲಾಳ ಕ್ಷಮೆ ಕೇಳಿದೆ. ಅವಳು ಹೇಳಿದಳು: “ಬೆನ್ನು ಹೇಗೂ ಮುಟ್ಟುತ್ತಾರೆ. ಖೋ ಎನ್ನುವಾಗಲೇ ಅಂಗೈಯಿಂದ ಒಮ್ಮೆ ಒತ್ತಿದರೆ ನನಗೆ ಸಾಕು.”

ಇಷ್ಟು ಸರಳ ಉಪಾಯ! ಉಳಿದ ದಿನಗಳಲ್ಲಿ ಅವರೆಲ್ಲ ಹಾಗೆಯೇ ಅಭ್ಯಾಸ ಮಾಡಿದರು. ಅವಳು ಆಡುವುದಿಲ್ಲವೆಂದು ಗೊತ್ತಿದ್ದೂ ಮಾಡಿದರು, ನಾನು ಹೇಳಿಕೊಟ್ಟಿರಲಿಲ್ಲ. ಫೌಲ್‌ಗಳು ನಿಂತವು.

ಪುಣೆಯಲ್ಲಿ ಮೂರು ಪಂದ್ಯಗಳಲ್ಲಿ ಎರಡು ಸೋತೆವು. ತಡಲಾ ಗೆರೆಯಾಚೆ ಕುಳಿತು ಕೂಗುತ್ತಿದ್ದಳು. ಅವಳಿದ್ದರೆ ಗೆಲ್ಲುತ್ತಿದ್ದೆವೋ ಏನೋ, ಹೇಳಲಾರೆ. ಆದರೆ ಆ ಆಟ ಅವಳದಾಗಿತ್ತು, ನಾನು ಕಿತ್ತುಕೊಂಡಿದ್ದೆ.

ಮಲಾವಿಗೆ ಮರಳಿದಾಗ ನನ್ನ ಅವಧಿ ಮುಗಿಯುತ್ತ ಬಂದಿತ್ತು. ಮತ್ತೆ ಆರು ತಿಂಗಳು ಕೇಳಿ ಪಡೆದೆ. ಮುಂದಿನ ಆಯ್ಕೆಯ ದಿನ ಮೈದಾನಕ್ಕೆ ಹೊಸ ಹುಡುಗಿಯರು ಬಂದಿದ್ದರು. ತಡಲಾ ಒಬ್ಬೊಬ್ಬರ ಬಳಿಗೂ ಹೋಗಿ ಹೇಳುತ್ತಿದ್ದಳು: “ನನ್ನ ಎಡಗಿವಿ ಕೇಳುವುದಿಲ್ಲ. ಖೋ ಕೊಡುವಾಗ ಬೆನ್ನು ಒತ್ತು.” ಅವಳು ಆಯ್ಕೆಯಾದಳು. ಅದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು: ಅವಳ ಹಿಂದೆಯೇ ಒಬ್ಬ ಹೊಸ ಹುಡುಗಿ ನನ್ನ ಬಳಿ ಬಂದು, ಸಂಜೆಯ ಮಬ್ಬಿನಲ್ಲಿ ತನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದಳು.

ತಪ್ಪು ತಿದ್ದುವುದೇ ಕೋಚ್‌ನ ಕೆಲಸವೆಂದು ಮೂವತ್ತು ವರ್ಷ ನಂಬಿದ್ದೆ. ತೊಂದರೆ ಹೇಳಿಕೊಂಡರೆ ಆಟ ಕೈತಪ್ಪುತ್ತದೆಂದು ಒಂದು ಮಗು ಹೆದರಿ ಸುಮ್ಮನಿದ್ದರೆ, ಅಲ್ಲಿ ತಿದ್ದಿಕೊಳ್ಳಬೇಕಾದವರು ಕೋಚ್.